ಚಿತ್ರ ಹಗುರವಾದರೆ ಸಾಕೆ?

ಅಂತರ್ಜಾಲದ ಚಿತ್ರಗಳಿಗೆ ಯಾವ ಫಾರ್ಮ್ಯಾಟ್ ತಕ್ಕುದು ಎಂಬ ಚರ್ಚೆಯನ್ನು ಎಂಜಿನಿಯರುಗಳಿಗೆ ಬಿಟ್ಟು ಸುಮ್ಮನಿರುವುದು ಸಾಹಿತ್ಯಾಸಕ್ತರಾದ ನಮ್ಮ ವಾಡಿಕೆ. ಆದರೆ ಹೊರನಾಡ ಕನ್ನಡ ಸಂಘಗಳ ನೆನಪು ಈಗ ಬಹುಮಟ್ಟಿಗೆ ಉಳಿದಿರುವುದು ಚಿತ್ರಗಳಲ್ಲಿಯೇ. ಸ್ಮರಣ ಸಂಚಿಕೆ, ನಾಟಕದ ಕರಪತ್ರ, ಕೈಬರಹದ ಪತ್ರಿಕೆಗಳನ್ನು ಸ್ಕ್ಯಾನ್ ಮಾಡಿ ಜೆಪೆಗ್ ಕಡತಗಳಾಗಿ ಇಟ್ಟುಕೊಂಡಿದ್ದೇವೆ. ಮುಂಬಯಿಯಂಥ ಊರಿನಲ್ಲಿ ಮನೆ ಬದಲಿಸುವಾಗ ಮೊದಲು ಹೊರಬೀಳುವುದು ಹಳೆಯ ಕಾಗದದ ಕಟ್ಟು. ಎಷ್ಟೋ ಪುಟಗಳಿಗೆ ಆ ಜೆಪೆಗ್ಗೇ ಇಂದು ಮೂಲಪ್ರತಿ. ಹಾಗಿರುವಾಗ, ಹಳೆಯದನ್ನೆಲ್ಲ ಹೊಸ ಫಾರ್ಮ್ಯಾಟಿಗೆ ಬದಲಿಸಿ ಜಾಗ ಉಳಿಸಿರೆಂಬ ಸಲಹೆಯನ್ನು ಕಣ್ಣುಮುಚ್ಚಿ ಒಪ್ಪಲಾಗದು.

ಜೆಪೆಗ್ 1992ರ ಮಾನದಂಡ. ಗೂಗಲ್ 2010ರಲ್ಲಿ ವೆಬ್‌ಪಿಯನ್ನು ತಂದಿತು. 2019ರಲ್ಲಿ ಎವಿಐಎಫ್ ಬಂದಿತು. ಅದೇ ಚಿತ್ರವನ್ನು ಇವು ಕಡಿಮೆ ಜಾಗದಲ್ಲಿ ಹಿಡಿದಿಡುತ್ತವೆ, ಪುಟ ಬೇಗ ತೆರೆಯುತ್ತದೆ. ಲಾಭ ನಿಜವಾದದ್ದೇ. ಆದರೆ ಜಾಗವನ್ನು ಗಣನೀಯವಾಗಿ ಉಳಿಸುವ ಇವುಗಳ ವಿಧಾನ ಹುಟ್ಟಿದ್ದು ವೀಡಿಯೊ ತಂತ್ರದಿಂದ. ವೀಡಿಯೊದ ಒಂದು ಚೌಕಟ್ಟು ಕಣ್ಣೆದುರು ಕ್ಷಣಕಾಲವೂ ನಿಲ್ಲುವುದಿಲ್ಲ. ಅಲ್ಲಿ ಸೂಕ್ಷ್ಮ ವಿವರ ಅಳಿಸಿಹೋದರೆ ಯಾರೂ ಕೇಳರು. ಪುಟದ ಮೇಲಾದರೋ ಓದುಗನ ಕಣ್ಣು ನಿಂತು ಒತ್ತಕ್ಷರವನ್ನು ಹುಡುಕುತ್ತದೆ. ಹೆಚ್ಚು ಕುಗ್ಗಿಸಿದ ಎವಿಐಎಫ್‌ನಲ್ಲಿ ಕಾಗದದ ಒರಟುತನವೂ ಸವೆದ ಅಚ್ಚುಮೊಳೆಯ ಸಣ್ಣ ಗೆರೆಯೂ ಇಸ್ತ್ರಿ ಹಾಕಿದಂತೆ ನುಣುಪಾಗಿಬಿಡುತ್ತವೆ. ವೆಬ್‌ಪಿ ತನ್ನ ಸಾಮಾನ್ಯ ವಿಧಾನದಲ್ಲಿ ಬಣ್ಣದ ವಿವರವನ್ನು ಉದ್ದಗಲಗಳೆರಡರಲ್ಲೂ ಅರ್ಧಕ್ಕಿಳಿಸುವುದರಿಂದ, ಹಳೆಯ ಆಮಂತ್ರಣಗಳ ಕೆಂಪು ಶೀರ್ಷಿಕೆಗಳ ಅಂಚು ಕಲಸಿದಂತೆ ಕಾಣುವುದುಂಟು. ಏನನ್ನೂ ಕಳೆಯದ ವಿಧಾನ ಇವೆರಡರಲ್ಲೂ ಇದೆ, ಸರಿ. ಆದರೆ ಜೆಪೆಗ್ ಚಿತ್ರವನ್ನು ಹಾಗೆ ಬದಲಿಸಿದರೆ ಕಡತ ಸಾಮಾನ್ಯವಾಗಿ ಹಿಗ್ಗುತ್ತದೆ.

ನಮ್ಮಂಥವರ ಅಗತ್ಯಕ್ಕೆ ಹತ್ತಿರವಾದದ್ದು ಜೆಪೆಗ್ ಎಕ್ಸ್‌ಎಲ್. ಹಳೆಯ ಜೆಪೆಗ್ಗನ್ನು ಅದು ಸುಮಾರು ಶೇ. 20ರಷ್ಟು ಕುಗ್ಗಿಸಿ, ಬೇಕೆಂದಾಗ ಅದೇ ಕಡತವನ್ನು ಒಂದು ಬಿಟ್ಟೂ ವ್ಯತ್ಯಾಸವಿಲ್ಲದೆ ಹಿಂದಿರುಗಿಸಬಲ್ಲದು. ಗೂಗಲ್‌ನ ತಂತ್ರಜ್ಞರೂ ಸೇರಿ ರೂಪಿಸಿದ ಈ ಫಾರ್ಮ್ಯಾಟನ್ನು, ಪ್ರಯೋಗಕ್ಕೆಂದು ಸೇರಿಸಿದ್ದ ಕ್ರೋಮ್ ಬ್ರೌಸರಿನಿಂದ ತೆಗೆಯಲು ಅದೇ ಕಂಪನಿ 2022ರಲ್ಲಿ ನಿರ್ಧರಿಸಿತು. ಸಾಕಷ್ಟು ಆಸಕ್ತಿ ಕಾಣುತ್ತಿಲ್ಲವೆಂಬುದು ಕೊಟ್ಟ ಕಾರಣಗಳಲ್ಲೊಂದು. ಬಾಗಿಲು ಮುಚ್ಚಿಟ್ಟು, ಒಳಗೆ ಯಾರೂ ಬರಲಿಲ್ಲವೆಂದರೆ ಹೇಗೆ? ಮರುವರ್ಷ ಆ್ಯಪಲ್ ಸಫಾರಿಯಲ್ಲಿ ಅದಕ್ಕೆ ಎಡೆಗೊಟ್ಟಿತು.

ವಿರೋಧಿಗಳ ವಾದದಲ್ಲೂ ಹುರುಳಿಲ್ಲದಿಲ್ಲ. ಬ್ರೌಸರಿಗೆ ಸೇರಿಸುವ ಪ್ರತಿಯೊಂದು ಫಾರ್ಮ್ಯಾಟೂ ದಾಳಿಗೆ ಇನ್ನೊಂದು ಕಿಂಡಿ. 2023ರ ಸೆಪ್ಟೆಂಬರಿನಲ್ಲಿ ವೆಬ್‌ಪಿಯ ತಂತ್ರಾಂಶದಲ್ಲಿ ಕಂಡ ದೋಷಕ್ಕಾಗಿ ಪ್ರಮುಖ ಬ್ರೌಸರುಗಳೆಲ್ಲ ತುರ್ತಾಗಿ ತೇಪೆ ಹಾಕಬೇಕಾಯಿತು. ಅಷ್ಟಾದರೂ ವೆಬ್‌ಪಿಯನ್ನು ಯಾರೂ ಹೊರಹಾಕಲಿಲ್ಲ. ಎಚ್ಚರಿಕೆಯ ಮಾತು ಹೊಸಬನಿಗೆ ಮಾತ್ರ ಅನ್ವಯಿಸಿದಂತೆ ನಮಗೆ ತೋರುತ್ತದೆ. ಕೋಟ್ಯಂತರ ಜನ ಬಳಸುವ ಕಿಟಕಿಯೊಂದರ ಒಡೆಯನ ಇಷ್ಟಾನಿಷ್ಟವೇ ಲೋಕದ ಮಾನದಂಡವಾಗುವುದು ನಮಗೆ ಒಪ್ಪಿತವಲ್ಲ.

ಬ್ರೌಸರುಗಳ ನಿಲುವು ಇಂದಿದ್ದಂತೆ ನಾಳೆ ಇರಲಾರದು. ನಾವು ಮಾಡಬಹುದಾದದ್ದು ಇಷ್ಟು: ಸ್ಕ್ಯಾನ್ ಮಾಡಿದ ಮೊದಲ ಕಡತವನ್ನು ಮುಟ್ಟದೆ ಕನಿಷ್ಠ ಎರಡು ಕಡೆ ಇಡುವುದು, ಓದುಗರಿಗೆ ಕೊಡುವ ಪ್ರತಿಗೆ ಮಾತ್ರ ವೆಬ್‌ಪಿಯನ್ನೋ ಎವಿಐಎಫ್ ಅನ್ನೋ ಬಳಸುವುದು. ಹೊಸತು ತೆರೆಯದ ಹಳೆಯ ಫೋನುಗಳಿಗೆ ಜೆಪೆಗ್ ತಲುಪಿಸುವ ಏರ್ಪಾಡು ಎಚ್‌ಟಿಎಂಎಲ್‌ನಲ್ಲೇ ಇದೆ. ಇನ್ನು ಸದಸ್ಯರಲ್ಲೊಂದು ವಿನಂತಿ. ಮನೆಯ ಹಳೆಯ ಸಂಚಿಕೆಗಳ ಪುಟಗಳನ್ನು ವಾಟ್ಸ್‌ಆ್ಯಪ್‌ನಲ್ಲಿ ಕಳಿಸುವಾಗ ಫೋಟೊ ಎಂದಲ್ಲ, ಡಾಕ್ಯುಮೆಂಟ್ ಎಂದು ಕಳಿಸಿರಿ. ಫೋಟೊ ಎಂದು ಕಳಿಸಿದರೆ ನಮಗೆ ತಲುಪುವಷ್ಟರಲ್ಲಿ ಅದು ಆಗಲೇ ಕುಗ್ಗಿರುತ್ತದೆ.