ದುಪ್ಪಟ್ಟು ರಕ್ಷಣೆ ಸರಿ, ಯಾವುದಕ್ಕಿಂತ?

ಕಾಸರಗೋಡು: ಉಮಿಕರಿ, ಮಾವಿನೆಲೆಯಲ್ಲಿ ಹಲ್ಲುಜ್ಜಿದವರ ಮೊಮ್ಮಕ್ಕಳಿಗೆ ಈಗ ಟಿವಿಯಲ್ಲಿ ಕಂಡ ಪೇಸ್ಟೇ ಆಗಬೇಕು. ‘ದುಪ್ಪಟ್ಟು ರಕ್ಷಣೆ’ ಅಂತೆ. ಯಾವುದಕ್ಕಿಂತ? ಎಷ್ಟು ಮಂದಿಯ ಹಲ್ಲು ನೋಡಿ ಹೇಳಿದ್ದು? ಹೆಸರು ಮುಚ್ಚಿ ಎರಡು ಪೇಸ್ಟ್ ಹಂಚಿ, ಕೊನೆಗೆ ಹುಳುಕು ಎಣಿಸಿದರೆ ಅದು ಹೋಲಿಕೆ; ಉಳಿದದ್ದು ಬಾಯಿಮಾತು. ಬಿಐಎಸ್‌ನ ಐಎಸ್ 6356 ಪೇಸ್ಟಿನ ಗುಣಮಟ್ಟ ಹೇಳುತ್ತದೆ, ಯಾವುದು ಮೇಲು ಎಂದಲ್ಲ.

ಅಂಗಡಿಯೆದುರು ಗಿರಾಕಿಗೆ ಹೋಲಿಸಲು ಸಿಗುವುದು ಫ್ಲೋರೈಡ್ ಅಂಕಿಯೊಂದೇ. ನಮ್ಮ ಕಾನೂನಿನ ಗರಿಷ್ಠ ಮಿತಿ 1000 ಪಿಪಿಎಂ. ಹುಳುಕು ತಡೆಗೆ ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು 1000ದಿಂದ 1500. ಆ ಅಂಕಿಯನ್ನು ಟ್ಯೂಬಿನಲ್ಲಿ ಅಚ್ಚು ಹಾಕಲೇಬೇಕು. ಹಾಕುತ್ತಾರೆ, ಇಂಗ್ಲಿಷಿನಲ್ಲಿ, ಇರುವೆ ಗಾತ್ರಕ್ಕೆ! ಮಂಜೇಶ್ವರ, ಕುಂಬಳೆಯ ಅಮ್ಮಂದಿರು ಮಕ್ಕಳ ಪೇಸ್ಟನ್ನು ಬಣ್ಣ ನೋಡಿ ಕೊಳ್ಳದೆ ಇನ್ನೇನು ಮಾಡಿಯಾರು? ಊರಿನ ಆರೋಗ್ಯ ಕೇಂದ್ರದ ಗೋಡೆಯಲ್ಲಿ ಅಷ್ಟನ್ನಾದರೂ ಕನ್ನಡದಲ್ಲಿ ಬರೆಸಲಿ.