ಅನುಮಾನದ ಎರಡನೆಯ ದಿನ

ಯಹೂದಿಗಳ ಪೆಸಾಖ್ ಹಬ್ಬದ ಮೊದಲ ರಾತ್ರಿಯ ಊಟಕ್ಕೆ ‘ಸೆದೆರ್’ ಎಂದು ಹೆಸರು. ಜೆರುಸಲೇಮಿನಲ್ಲಿರುವವನು ಈ ಊಟವನ್ನು ಒಂದು ರಾತ್ರಿ ಮಾಡುತ್ತಾನೆ. ನ್ಯೂಯಾರ್ಕಿನಲ್ಲಿರುವ ಅವನ ಸಂಪ್ರದಾಯಸ್ಥ ಅಣ್ಣ ಅದೇ ಊಟ, ಅದೇ ಕಥೆ, ಅದೇ ಹಾಡುಗಳನ್ನು ಮರುದಿನ ರಾತ್ರಿ ಮತ್ತೊಮ್ಮೆ ನಡೆಸುತ್ತಾನೆ. ಅಣ್ಣನಿಗೆ ಭಕ್ತಿ ಹೆಚ್ಚೇ? ಅಲ್ಲ, ಇದು ಚಂದ್ರ ತಂದಿಟ್ಟ ಫಜೀತಿ.

ಹಬ್ಬದ ಕಥೆ ಗೊತ್ತಿರುವಂಥದ್ದೇ. ಈಜಿಪ್ಟಿನಲ್ಲಿ ಗುಲಾಮರಾಗಿದ್ದವರು ಅವಸರದಲ್ಲಿ ಹೊರಟರು, ನಾದಿದ ಹಿಟ್ಟು ಹುದುಗಿ ಉಬ್ಬುವಷ್ಟೂ ಪುರಸೊತ್ತಿರಲಿಲ್ಲ. ಆ ನೆನಪಿಗೆ ಇಂದಿಗೂ ಉಬ್ಬದ ರೊಟ್ಟಿ, ‘ಮತ್ಸಾ’. ಹಿಟ್ಟಿಗೆ ನೀರು ಬಿದ್ದ 18 ನಿಮಿಷದೊಳಗೆ ಅದು ಬೆಂದಿರಬೇಕು. ಹಬ್ಬದ ಹಿಂದಿನ ರಾತ್ರಿ ಮೇಣದ ಬತ್ತಿ ಹಿಡಿದು ಮನೆಯ ಮೂಲೆಮೂಲೆಯಲ್ಲೂ ಹುದುಗಿದ ರೊಟ್ಟಿಯ ಚೂರು ಉಳಿದಿದೆಯೇ ಎಂದು ಹುಡುಕುತ್ತಾರೆ. ಕಷ್ಟದ ದಿನಗಳ ನೆನಪಿಗೆ ಕಹಿ ಸೊಪ್ಪು, ಕಣ್ಣೀರಿಗೆ ಉಪ್ಪುನೀರು. ಈ ರಾತ್ರಿಯ ವಿಶೇಷವೇನು ಎಂದು ಮನೆಯ ಅತಿ ಕಿರಿಯ ಮಗು ಕೇಳಿದ ಮೇಲೆಯೇ ಹಿರಿಯರು ಕಥೆ ಹೇಳಬೇಕು. ಮೇಷ್ಟರಾದ ನನಗೆ ಈ ಪದ್ಧತಿ ಬಹಳ ಹಿಡಿಸಿದೆ.

ಕಥೆಯ ಅಡಿಯಲ್ಲಿ ಹೊಲವೂ ಇದೆ. ಪೆಸಾಖ್ ಜವೆಗೋಧಿ ಕೊಯ್ಲಿನ ಕಾಲ. ಅಲ್ಲಿಂದ ಏಳು ವಾರ ಎಣಿಸಿದರೆ ಬರುವ ಶಾವುಓತ್ ಗೋಧಿಯ ಹಬ್ಬ. ಶರದೃತುವಿನ ಸುಕ್ಕೋತ್ ಹಣ್ಣು, ದ್ರಾಕ್ಷಿಯ ಸುಗ್ಗಿ, ಆಗ ಸೊಪ್ಪಿನ ಚಪ್ಪರ ಹಾಕಿ ಅದರಡಿಯಲ್ಲಿ ಉಣ್ಣುತ್ತಾರೆ. ಆ ಚಪ್ಪರ ಮರುಭೂಮಿಯ ಅಲೆದಾಟದ ನೆನಪು ಎಂದು ತೋರಾ ಗ್ರಂಥವೇ ಹೇಳುತ್ತದೆ. ಆದರೆ ಶಾವುಓತ್ ದಿನವೇ ಸಿನಾಯ್ ಬೆಟ್ಟದಲ್ಲಿ ಧರ್ಮಶಾಸ್ತ್ರ ದೊರೆಯಿತೆಂಬ ಮಾತು ತೋರಾದಲ್ಲಿಲ್ಲ, ನಂತರದ ಪಂಡಿತರದು. ಕ್ರಿ.ಶ. 70ರಲ್ಲಿ ರೋಮನ್ನರು ದೇವಾಲಯವನ್ನು ಕೆಡವಿದ ಮೇಲೆ ಮೊದಲ ಫಲ ಒಪ್ಪಿಸಲು ಗುಡಿಯಿಲ್ಲ, ಹಲವರಿಗೆ ಹೊಲವೂ ಇಲ್ಲ. ಆಗ ಹಬ್ಬವನ್ನು ಉಳಿಸಿದ್ದು ಈ ಎರಡನೆಯ ಅರ್ಥವೇ ಎಂದು ನನ್ನ ಎಣಿಕೆ.

ಇನ್ನು ಚಂದ್ರನ ವಿಷಯ. ಬಿದಿಗೆ ಚಂದ್ರ ಕಂಡಾಗ ತಿಂಗಳು ಆರಂಭ. ಕಂಡವರಿಬ್ಬರು ಜೆರುಸಲೇಮಿನ ಧರ್ಮಸಭೆಗೆ ಬಂದು ಸಾಕ್ಷಿ ನುಡಿಯಬೇಕು. ಸಭೆ ಒಪ್ಪಿದರೆ ಬೆಟ್ಟದಿಂದ ಬೆಟ್ಟಕ್ಕೆ ಪಂಜಿನ ಬೆಂಕಿ ತೋರಿಸಿ ದೂರದ ಬಾಬಿಲೋನಿನವರೆಗೂ ಸುದ್ದಿ ಮುಟ್ಟಿಸುತ್ತಿದ್ದರು. ಇವರಿಗಾಗದ ಸಮಾರ್ಯರು ಸುಳ್ಳು ಬೆಂಕಿ ಹಚ್ಚತೊಡಗಿದಾಗ ಬೆಂಕಿ ಬಿಟ್ಟು ಓಲೆಕಾರರನ್ನು ಕಳಿಸಿದರು ಎಂದು ಮಿಶ್ನಾ ಗ್ರಂಥದಲ್ಲಿದೆ. ಪೆಸಾಖ್ ಬರುವುದು ತಿಂಗಳ 15ಕ್ಕೆ. ಅಷ್ಟರಲ್ಲಿ ಓಲೆಕಾರ ತಲುಪದ ಊರಿನವರಿಗೆ ಕಳೆದ ತಿಂಗಳು 29 ದಿನದ್ದೋ 30 ದಿನದ್ದೋ ಎಂದು ತಿಳಿಯುವ ಬಗೆಯಿಲ್ಲ. ಹೀಗಾಗಿ ಎರಡು ದಿನ ಹಬ್ಬ.

ಮುಂದೆ ಲೆಕ್ಕದ ಪಂಚಾಂಗ ಬಂತು. ಅದನ್ನು ಕ್ರಿ.ಶ. 359ರಲ್ಲಿ ಎರಡನೆಯ ಹಿಲೆಲ್ ಕೊಟ್ಟನೆಂದು ಪರಂಪರೆ ಹೇಳುತ್ತದೆ. ಅದರ ಚಾಂದ್ರಮಾಸ 29 ದಿನ, 12 ಗಂಟೆ, 44 ನಿಮಿಷ, 3⅓ ಸೆಕೆಂಡು. ಇಂದಿನ ಅಳತೆಗೂ ಅದಕ್ಕೂ ಅರ್ಧ ಸೆಕೆಂಡಿನಷ್ಟು ವ್ಯತ್ಯಾಸ! ಹನ್ನೆರಡು ಚಾಂದ್ರಮಾಸ ಸೇರಿದರೆ 354 ದಿನವಷ್ಟೇ. ಪೆಸಾಖ್ ಹಸಿರು ತೆನೆಯ ತಿಂಗಳಲ್ಲೇ ಬರಬೇಕೆಂದು ತೋರಾದ ಕಟ್ಟಳೆ. ಅದಕ್ಕಾಗಿ 19 ವರ್ಷಕ್ಕೆ 7 ಅಧಿಕ ಮಾಸ. ನಮ್ಮಲ್ಲಿ ಸಂಕ್ರಾಂತಿ ಇಲ್ಲದ ಚಾಂದ್ರಮಾಸ ಅಧಿಕವಾಗುತ್ತದೆ, ಅವರದು ಮೊದಲೇ ಗೊತ್ತುಮಾಡಿದ ಸರದಿ.

ಲೆಕ್ಕ ಬಂದ ಮೇಲೆ ಎರಡನೆಯ ದಿನವೇಕೆ? ಬಾಬಿಲೋನಿನವರೂ ಇದನ್ನೇ ಕೇಳಿದರು. ತಾಲ್ಮುದ್ ಗ್ರಂಥದಲ್ಲಿ ಉತ್ತರವಿದೆ: ಪಿತೃಗಳ ಪದ್ಧತಿ ಬಿಡಬೇಡಿ, ಮುಂದೊಂದು ದಿನ ಸರ್ಕಾರದ ನಿಷೇಧ ಬಂದು ಲೆಕ್ಕ ತಪ್ಪಿಹೋಗಬಹುದು. ಪದೇ ಪದೇ ಪೆಟ್ಟು ತಿಂದವರ ಮುಂಜಾಗ್ರತೆ ಇದು. ಯೋಮ್ ಕಿಪ್ಪುರ್ ಮಾತ್ರ ಎಲ್ಲೆಡೆಯೂ ಒಂದೇ ದಿನ. ಸುಮಾರು 25 ಗಂಟೆ ನೀರೂ ಮುಟ್ಟದ ಉಪವಾಸವದು, ಅನುಮಾನಕ್ಕಾಗಿ ಎರಡು ದಿನ ಮಾಡಿದರೆ ಪ್ರಾಣಕ್ಕೇ ಸಂಚಕಾರ.

ಹಾಗೆಂದು ಲೆಕ್ಕ ನಿರ್ದೋಷಿಯೂ ಅಲ್ಲ. ಆ ಪಂಚಾಂಗದ ಸರಾಸರಿ ವರ್ಷ ಸೂರ್ಯನ ವರ್ಷಕ್ಕಿಂತ ಆರೂವರೆ ನಿಮಿಷ ಉದ್ದ. ಹೀಗಾಗಿ ಇನ್ನೂರು ವರ್ಷಕ್ಕೆ ಒಂದು ದಿನದಷ್ಟು ಹಬ್ಬ ಹಿಂದೆ ಬೀಳುತ್ತಿದೆ. 2024ರಲ್ಲಿ ವಸಂತದ ಮೊದಲ ಹುಣ್ಣಿಮೆ ಮಾರ್ಚ್ 25ಕ್ಕೇ ಬಂದಿತ್ತು, ಪೆಸಾಖ್ ಆರಂಭವಾದದ್ದು ಏಪ್ರಿಲ್ 22ರ ಸಂಜೆ. ತಿದ್ದಲು ಅಧಿಕಾರವಿದ್ದ ಆ ಧರ್ಮಸಭೆ ಇಲ್ಲವಾಗಿ ಶತಮಾನಗಳೇ ಕಳೆದಿವೆ. ಹಾಗೆ ನೋಡಿದರೆ ಸೂರ್ಯ ಡಿಸೆಂಬರ್ 22ರ ಸುಮಾರಿಗೇ ಉತ್ತರಕ್ಕೆ ತಿರುಗಿದರೂ ನಾವು ಎಳ್ಳು ಬೀರುವುದು ಜನವರಿ 14 ಅಥವಾ 15ಕ್ಕೆ, ನಗುವ ಹಕ್ಕು ನಮಗೂ ಇಲ್ಲ.

ಮೆಲ್ಬೋರ್ನಿನ ಯಹೂದಿಗಳ ಪಾಡು ಇನ್ನೂ ಸ್ವಾರಸ್ಯ. ದಕ್ಷಿಣಾರ್ಧ ಗೋಳದಲ್ಲಿ ಏಪ್ರಿಲ್ ಎಂದರೆ ಎಲೆ ಉದುರುವ ಕಾಲ, ಅವರ ವಸಂತದ ಹಬ್ಬ ಆಗಲೇ. ಸುಕ್ಕೋತ್ ಮುಗಿದೊಡನೆ, ಅಲ್ಲಿ ಬೇಸಿಗೆ ಹತ್ತಿರವಾಗುತ್ತಿರುವಾಗ, ಮಳೆಗಾಗಿ ಪ್ರಾರ್ಥಿಸುತ್ತಾರೆ. ಆ ಮಳೆ ಬೀಳಬೇಕಾದದ್ದು ಜೆರುಸಲೇಮಿನ ಸುತ್ತಲಿನ ಹೊಲಗಳಿಗೆ.