ದ್ವಾರದಲ್ಲಿ ಬಿಟ್ಟ ಮಗುವಿನ ಗಾಡಿ

ಚಳಿ ಇಳಿದು ಬಿಸಿಲು ಇನ್ನೂ ಏರದಿರುವ ದಿನಗಳಲ್ಲಿ ನಮ್ಮ ಸಮಾಜದ ಅನೇಕ ಕುಟುಂಬಗಳು ಹೊಸಪೇಟೆಯ ಕಡೆಗೆ ಪ್ರವಾಸ ಹೊರಡುತ್ತವೆ. ಹಂಪಿಯ ವಿರೂಪಾಕ್ಷನ ದರ್ಶನ, ಕಮಲಾಪುರದ ಬಳಿಯ ಮೃಗಾಲಯ, ತುಂಗಭದ್ರಾ ಅಣೆಕಟ್ಟಿನ ಉದ್ಯಾನ, ಬಿಡುವಿದ್ದರೆ ಸಂಡೂರಿನ ಬೆಟ್ಟ, ಬಂಧುಗಳಿದ್ದರೆ ಕಂಪ್ಲಿ: ಇದು ರೂಢಿಯ ಸುತ್ತು. ಪ್ರತಿ ತಿಂಗಳು ಈ ಪುಟದಲ್ಲಿ ಶರಣರ ನಡೆನುಡಿಗಳನ್ನು ಕುರಿತು ಬರೆಯುವ ನಾವು ಈ ಸಲ ಒಂದು ಸಣ್ಣ ವಸ್ತುವನ್ನು ಕುರಿತು ಬರೆಯಲು ಕುಳಿತಿದ್ದೇವೆ. ಓದುಗರು ಮನ್ನಿಸಬೇಕು. ಆ ವಸ್ತು, ಕೂಸನ್ನು ಕೂರಿಸಿಕೊಂಡು ತಳ್ಳುವ ಗಾಡಿ. ಈಗಿನ ತಾಯಂದಿರು ಅದನ್ನು ಸ್ಟ್ರಾಲರ್ ಎನ್ನುತ್ತಾರೆ. ತಳ್ಳುಗಾಡಿ ಎಂದೊಡನೆ ನಮಗೆ ತರಕಾರಿ ಮಾರುವವನ ಕೂಗು ನೆನಪಾಗುವುದರಿಂದ ನಾವು ಮಗುವಿನ ಗಾಡಿಯೆಂದೇ ಕರೆಯುತ್ತೇವೆ.

ಹತ್ತು ಹದಿನೈದು ವರ್ಷಗಳ ಹಿಂದೆ ಹಂಪಿಯಲ್ಲಿ ಈ ಗಾಡಿಗಳನ್ನು ಕಂಡ ನೆನಪು ನಮಗಿಲ್ಲ. ಈಗ ರಜೆಯ ದಿನಗಳಲ್ಲಿ ಎಲ್ಲಿ ನೋಡಿದರೂ ಕಾಣುತ್ತವೆ. ಆದರೆ ಹಂಪಿಯ ನೆಲ ಗಾಡಿಯ ನೆಲವಲ್ಲ. ಗೋಪುರದ ಹೊಸ್ತಿಲು ಮೊಣಕಾಲೆತ್ತರ, ಒಳಗೆ ಮೆಟ್ಟಿಲು, ಅಂಗಳದಲ್ಲಿ ಎದ್ದುನಿಂತ ಚಪ್ಪಡಿ. ಹೇಮಕೂಟವಂತೂ ಬರಿಯ ಬಂಡೆ. ತಂದೆ ನಾಲ್ಕು ಹೆಜ್ಜೆ ತಳ್ಳಿ ಸೋತು ಗಾಡಿಯನ್ನು ದ್ವಾರದ ಬಳಿ ಬಿಡುತ್ತಾನೆ. ತಾಯಿ ಕೂಸನ್ನು ಸೊಂಟಕ್ಕೇರಿಸುತ್ತಾಳೆ. ಒಳಗೆ ಹೋದವರು ಮರಳುವುದು ಒಂದೂವರೆ ಗಂಟೆಯ ಮೇಲೆ. ಗಾಡಿ ಕಳೆಯುವುದು ಆ ಒಂದೂವರೆ ಗಂಟೆಯಲ್ಲಿ.

2024ರ ಡಿಸೆಂಬರಿನಲ್ಲಿ ನಮ್ಮ ಹಳೆಯ ಶಿಷ್ಯರೊಬ್ಬರು ತಾಯಿ, ಪತ್ನಿ ಮತ್ತು ಹತ್ತು ತಿಂಗಳ ಕೂಸಿನೊಡನೆ ಹೊಸಪೇಟೆಯ ನಮ್ಮ ಮನೆಗೆ ಬಂದರು. ಭಾನುವಾರ ಅವರೊಡನೆ ನಾವೂ ವಿಜಯವಿಠ್ಠಲ ದೇವಾಲಯಕ್ಕೆ ಹೊರಟೆವು. ವಾಹನ ನಿಲ್ಲಿಸುವ ಸ್ಥಳದಿಂದ ದೇವಾಲಯಕ್ಕೆ ಸುಮಾರು ಒಂದು ಕಿಲೋಮೀಟರು. ಬ್ಯಾಟರಿಯ ವಾಹನವೇರಿ ಹೋಗಬೇಕು. ಗಾಡಿಯನ್ನು ಮಡಚಿ ತೊಡೆಯ ಮೇಲಿಟ್ಟುಕೊಂಡು ಹೋದೆವು. ದ್ವಾರದ ಹೊರಗೆ ಮರದ ನೆರಳಿನಲ್ಲಿ ಆಗಲೇ ಮೂರು ಗಾಡಿಗಳು ನಿಂತಿದ್ದವು. ನಮ್ಮದನ್ನೂ ಅವುಗಳ ಪಕ್ಕಕ್ಕೆ ನಿಲ್ಲಿಸಿದೆವು.

ಇಲ್ಲಿ ಒಂದು ಮಾತು ಹೇಳಬೇಕು. ಕೂಸು ದೊಡ್ಡದಾಗುವವರೆಗೆ ಅದರ ಇಷ್ಟಲಿಂಗವನ್ನು ತೊಟ್ಟಿಲಿಗೆ ಕಟ್ಟುವ ರೂಢಿ ಕೆಲವು ಮನೆಗಳಲ್ಲುಂಟು. ಆ ಅಜ್ಜಿಯ ಕಣ್ಣಿಗೆ ಗಾಡಿಯೇ ತೊಟ್ಟಿಲು. ಬೆಳ್ಳಿಯ ಕರಡಿಗೆಯನ್ನು ಕೇಸರಿ ರೇಷ್ಮೆಯ ವಸ್ತ್ರದಲ್ಲಿ ಸುತ್ತಿ ಗಾಡಿಯ ಹಿಡಿಕೆಗೆ ಭದ್ರವಾಗಿ ಗಂಟು ಹಾಕಿದ್ದರು. ಅದು ಅಲ್ಲಿರುವುದು ನಮಗಾಗಲಿ ಅವರ ಮಗನಿಗಾಗಲಿ ತಿಳಿದಿರಲಿಲ್ಲ.

ಕಲ್ಲಿನ ರಥ ನೋಡಿ ಹೊರಗೆ ಬಂದಾಗ ನೀಲಿ ಗಾಡಿ ಇಟ್ಟಲ್ಲಿಯೇ ಇತ್ತು. ಹಿಡಿಕೆಯಲ್ಲಿ ಗಂಟು ಇರಲಿಲ್ಲ. ಅಜ್ಜಿ ನೆಲದ ಮೇಲೆ ಕುಳಿತುಬಿಟ್ಟರು. “ಗುರುಗಳೇ, ಕೂಸಿನ ಲಿಂಗ ಹೋಯ್ತಲ್ರೀ” ಎಂದ ಆ ದನಿಯನ್ನು ನಾವು ಮರೆಯಲಾರೆವು.

ಸಮೀಪದಲ್ಲಿದ್ದವನು ಸೌತೆಕಾಯಿ ಮಾರುವ ಒಬ್ಬ ಹುಡುಗ. ಹನ್ನೆರಡು ಹದಿಮೂರು ವರ್ಷವಿರಬಹುದು. ಶಿಷ್ಯರು ಅವನ ತೋಳು ಹಿಡಿದರು. ನಾಲ್ಕು ಜನ ಸೇರಿದರು. ಬೆಳ್ಳಿಯ ಆಸೆಗೆ ಅವನೇ ಬಿಚ್ಚಿಕೊಂಡಿರಬೇಕೆಂದು ಯಾರೋ ಅಂದರು; ಎಲ್ಲರೂ ನಂಬಿದರು. ನಾವೂ ನಂಬಿದೆವು. “ತಮ್ಮಾ, ನಿಜ ಹೇಳು, ಯಾರೂ ಹೊಡೆಯೋದಿಲ್ಲ” ಎಂದು ನಾವೇ ಕೇಳಿದೆವು. ಹಾಗೆ ಕೇಳುವುದೆಂದರೆ ಅಪರಾಧವನ್ನು ಹೊರಿಸಿದಂತೆಯೇ. “ನಾ ಮುಟ್ಟಿಲ್ರೀ ಅಜ್ಜಾರ” ಎನ್ನುತ್ತ ಅವನು ತನ್ನ ಚೀಲವನ್ನು ತಾನೇ ಮಗುಚಿ ತೋರಿಸಿದ. ಉಪ್ಪುಖಾರದ ಪೊಟ್ಟಣ, ಒಂದು ಚೂರಿ, ಚಿಲ್ಲರೆ, ಒಳಗಿರುವ ಅದೇ ಕಲ್ಲಿನ ರಥದ ಚಿತ್ರವಿರುವ ಒಂದು ಐವತ್ತರ ನೋಟು. ತಮ್ಮ ಹಸುಗಳನ್ನು ಹೊಡೆದುಕೊಂಡು ಹೋದ ಕಳ್ಳರಿಗೆ ಕರುಗಳನ್ನೂ ಅಟ್ಟಿಕೊಟ್ಟ ಬಸವಣ್ಣನವರ ಕಥೆಯನ್ನು ಎಷ್ಟೋ ಊರುಗಳ ಪುರಾಣದಲ್ಲಿ ಹೇಳಿದ ಬಾಯಿ ನಮ್ಮದು. ಆ ಹೊತ್ತಿನಲ್ಲಿ ಅದು ನೆನಪಿಗೆ ಬರಲಿಲ್ಲ.

ಅರ್ಧ ಗಂಟೆಯ ಮೇಲೆ ಬ್ಯಾಟರಿಯ ವಾಹನದಿಂದ ಒಬ್ಬ ವೃದ್ಧೆ ಮಗನೊಡನೆ ಇಳಿದರು. ಮಗನ ಕೈಯಲ್ಲಿ ಮಡಚಿದ ನೀಲಿ ಗಾಡಿ. ಅದರ ಹಿಡಿಕೆಯಲ್ಲಿ ಬಿಚ್ಚದ ಕೇಸರಿ ಗಂಟು. ಕಾರಿಗೆ ಗಾಡಿಯನ್ನು ಏರಿಸುವಾಗ ಆ ತಾಯಿ ಗಂಟನ್ನು ಕಂಡು, ಇದು ಯಾರದೋ ಪೂಜೆಯ ವಸ್ತು, ಗಾಡಿ ನಮ್ಮದಲ್ಲವೆಂದು ಹಟ ಹಿಡಿದು ಮಗನನ್ನು ಮರಳಿ ಕರೆತಂದಿದ್ದರು. ಅವರು ನಮ್ಮ ಸಮಾಜದವರಲ್ಲ. ಆದರೂ ಗಂಟನ್ನು ಎರಡು ಕೈಗಳಲ್ಲಿ ಹಿಡಿದು ಕೊಟ್ಟರು. ಅಷ್ಟು ಹೊತ್ತು ನಮ್ಮ ಮುಂದೆ ನಿಂತಿದ್ದ ಗಾಡಿ ಅವರದು. ಒಂದೇ ಕಂಪನಿ, ಒಂದೇ ಬಣ್ಣ. ಗಂಟು ಹೋಯಿತೆಂದು ಹುಯಿಲೆಬ್ಬಿಸಿದ ನಮ್ಮಲ್ಲಿ ಒಬ್ಬರಾದರೂ, ಈ ಗಾಡಿ ನಮ್ಮದು ಹೌದೇ ಎಂದು ನೋಡಿರಲಿಲ್ಲ. ಹುಡುಗ ಆಗಲೇ ಬುಟ್ಟಿ ಎತ್ತಿಕೊಂಡು ಹೊರಟುಹೋಗಿದ್ದ.

ಕಳವು ಇಲ್ಲವೇ ಇಲ್ಲವೆಂದು ನಾವು ಹೇಳುತ್ತಿಲ್ಲ. ಜನಸಂದಣಿ ಇದ್ದಲ್ಲಿ ಅದೂ ಇದೆ; ಚೈತ್ರದ ವಿರೂಪಾಕ್ಷನ ರಥೋತ್ಸವದಲ್ಲಿ, ಹಂಪಿ ಉತ್ಸವದ ರಾತ್ರಿಗಳಲ್ಲಿ ಎಚ್ಚರ ತಪ್ಪಿದವನು ಕಳೆದುಕೊಳ್ಳುತ್ತಾನೆ. ಆದರೆ ಕಳ್ಳನಿಗೆ ಬೇಕಾದುದು ಹೆಚ್ಚಾಗಿ ಗಾಡಿಯಲ್ಲ, ಗಾಡಿಯಲ್ಲಿ ಬಿಟ್ಟದ್ದು. ತಾಯಿಯ ಕೈಚೀಲ, ಮೊಬೈಲು, ಕೂಸಿನ ಕಾಲ್ಗಡಗ, ಹಣದ ಪರ್ಸು ಇವೆಲ್ಲ ಗಾಡಿಯ ಕೆಳಗಿನ ಬುಟ್ಟಿಯಲ್ಲಿ ಸೇರಿಕೊಳ್ಳುತ್ತವೆ. ಹೊತ್ತುಕೊಳ್ಳುವ ಶ್ರಮ ತಪ್ಪಿತೆಂಬ ನೆಮ್ಮದಿ. ಗಾಡಿಯನ್ನು ಬಿಡುವ ಮುನ್ನ ಆ ಬುಟ್ಟಿಯನ್ನು ಬರಿದು ಮಾಡಿ. ನೀರಿನ ಬಾಟಲಿ, ಹೊದಿಕೆ ಇದ್ದರೆ ಇರಲಿ. ಇಷ್ಟಲಿಂಗವನ್ನು ಮಾತ್ರ ಯಾವ ಕಾರಣಕ್ಕೂ ಗಾಡಿಗೆ ಕಟ್ಟಬೇಡಿ. ತೊಟ್ಟಿಲು ಮನೆಯೊಳಗಿನದು, ಗಾಡಿ ಬೀದಿಯದು. ಪ್ರವಾಸ ಮುಗಿಯುವವರೆಗೆ ಕೂಸಿನ ಲಿಂಗ ತಾಯಿಯ ಅಥವಾ ಅಜ್ಜಿಯ ಮೈಮೇಲೆ ಇರಲಿ.

ಗಾಡಿಗೆ ಗುರುತು ಬೇಕು. ನಮ್ಮ ಗಂಟು ಮರಳಿ ಬಂದದ್ದು ಅದು ಎದ್ದು ಕಾಣುತ್ತಿದ್ದುದರಿಂದ. ಹಳೆಯ ಸೀರೆಯ ಅಂಚಿನ ಒಂದು ಪಟ್ಟಿಯನ್ನು ಹಿಡಿಕೆಗೆ ಬಿಗಿಯಾಗಿ ಹೊಲಿದರೆ ಸಾಕು. ಸಂಡೂರಿನ ಲಂಬಾಣಿ ಕಸೂತಿಯ ತುಂಡೊಂದನ್ನು ಹೊಲಿದರೆ ಇನ್ನೂ ಚೆಂದ, ಅಂಥದು ಇನ್ನೊಂದು ಇರಲಾರದು. ಸೀಟಿನ ಕೆಳಗೆ ಅಳಿಯದ ಮಸಿಯಲ್ಲಿ ಫೋನಿನ ಸಂಖ್ಯೆ ಬರೆಯಿರಿ; ಮಗುವಿನ ಹೆಸರು ಬೇಡ, ಹೆಸರು ಹಿಡಿದು ಕರೆದವರ ಬಳಿಗೆ ಮಕ್ಕಳು ಹೋಗಿಬಿಡುತ್ತವೆ. ಬಿಡುವ ಮುಂಚೆ ಮೊಬೈಲಿನಲ್ಲಿ ಒಂದು ಚಿತ್ರ ತೆಗೆದುಕೊಂಡರೆ ಯಾವ ಮರದ ಕೆಳಗೆ, ಯಾವ ಗಾಡಿಯ ಪಕ್ಕದಲ್ಲಿ ಎಂಬುದು ನೆನಪಿರುತ್ತದೆ. ಅಮೆರಿಕೆಯಲ್ಲಿರುವ ನಮ್ಮ ಬಂಧುಗಳು ಹೇಳುವಂತೆ, ಅಲ್ಲಿಯ ಡಿಸ್ನಿ ಉದ್ಯಾನಗಳಲ್ಲಿ ನೂರಾರು ಗಾಡಿಗಳು ಒಟ್ಟಿಗೆ ನಿಲ್ಲುತ್ತವೆ. ಸಾಲು ಸರಿಪಡಿಸಲು ನೌಕರರು ಅವುಗಳನ್ನು ಆಗಾಗ ಜರುಗಿಸುತ್ತಾರೆ. ಇಟ್ಟಲ್ಲಿ ಕಾಣದೆ ತಾಯಂದಿರು ಕಳುವಾಯಿತೆಂದು ಗಾಬರಿಗೊಳ್ಳುತ್ತಾರೆ. ಗಾಡಿ ಹತ್ತು ಮಾರಿನಾಚೆಗೆ ನಿಂತಿರುತ್ತದೆ. ಅಲ್ಲಿಯೂ ಹಿಡಿಕೆಗೆ ಬಣ್ಣದ ಪಟ್ಟಿ ಕಟ್ಟುತ್ತಾರಂತೆ.

ಸೈಕಲ್ಲಿಗೆ ಹಾಕುವ ತಂತಿಯ ಬೀಗವೂ ಒಳ್ಳೆಯದೇ. ಗಾಡಿಯನ್ನು ಮಡಚಿ ಚಕ್ರಕ್ಕೂ ಚೌಕಟ್ಟಿಗೂ ಸೇರಿಸಿ ಹಾಕಿದರೆ ಅದು ಉರುಳದು. ತಪ್ಪಿ ಒಯ್ಯುವವನಿಗೂ ಆಗಲೇ ತನ್ನದಲ್ಲವೆಂಬ ಅರಿವಾಗುತ್ತದೆ. ಸ್ಮಾರಕದ ಕಂಬಕ್ಕೆ ಮಾತ್ರ ಬಿಗಿಯಬೇಡಿ. ಐದಾರು ಶತಮಾನ ನಿಂತ ಕಂಬ ನಮ್ಮ ಗಾಡಿಯ ಗೂಟವಲ್ಲ.

ಹಂಪಿಯಲ್ಲಿ ಯಾವ ಕಾನೂನಿಗೂ ಸಿಗದ ಕಳ್ಳರೆಂದರೆ ಕೋತಿಗಳು. ಬಾಳೆಹಣ್ಣು, ಬಿಸ್ಕತ್ತು ಬುಟ್ಟಿಯಲ್ಲಿದ್ದರೆ ಚೀಲಸಮೇತ ಒಯ್ಯುತ್ತವೆ. ಮಗುವಿನ ಕೈಯಲ್ಲಿ ತಿಂಡಿ ಕೊಟ್ಟು ಗಾಡಿಯಲ್ಲಿ ಕೂರಿಸುವುದಂತೂ ಅಪಾಯ.

ಕಮಲಾಪುರದ ಅಟಲ್ ಬಿಹಾರಿ ವಾಜಪೇಯಿ ಮೃಗಾಲಯದಲ್ಲಿ ಗಾಡಿ ನಿಜವಾಗಿ ಉಪಯೋಗಕ್ಕೆ ಬರುತ್ತದೆ. ಸಫಾರಿಯ ವಾಹನ ಹತ್ತುವಾಗ ಎಲ್ಲಿ ಇಡಬೇಕೆಂದು ಅಲ್ಲಿಯ ಸಿಬ್ಬಂದಿಯನ್ನು ಕೇಳಿ ಇಡಿ. ಅಣೆಕಟ್ಟಿನ ಉದ್ಯಾನದಲ್ಲಿ ಕಾರಂಜಿ ಮುಗಿದೊಡನೆ ಜನರೆಲ್ಲ ಕತ್ತಲೆಯಲ್ಲಿ ಒಮ್ಮೆಗೇ ಏಳುತ್ತಾರೆ. ಅದಲುಬದಲಿಗೆ ಅದಕ್ಕಿಂತ ಒದಗಿದ ಗಳಿಗೆ ಬೇರೆ ಬೇಡ. ಸಂಡೂರಿನ ಕುಮಾರಸ್ವಾಮಿ ಬೆಟ್ಟಕ್ಕೆ ಹೋಗುವವರು ಗಾಡಿಯನ್ನು ಕಾರಿನ ಮೇಲೆ ಕಟ್ಟದೆ ಒಳಗಿಡಲಿ. ಅದಿರಿನ ಕೆಂಧೂಳು ಕುಳಿತ ಮೇಲೆ ನೀಲಿಯೂ ಹಸಿರೂ ಒಂದೇ ಬಣ್ಣ. ಕಂಪ್ಲಿಗೆ ಬಸ್ಸಿನಲ್ಲಿ ಹೋಗುವವರು ಗಾಡಿಯನ್ನು ಡಿಕ್ಕಿಯಲ್ಲಿ ಹಾಕಿದರೆ ನಿರ್ವಾಹಕರಿಗೆ ಹೇಳಿ, ಟಿಕೆಟನ್ನು ಎಸೆಯದೆ ಇಟ್ಟುಕೊಳ್ಳಿ. ಮರೆತು ಇಳಿದರೆ ಬಸ್ಸನ್ನು ಗುರುತಿಸಲು ಅದೇ ಆಧಾರ. ಹೊಳೆಯಲ್ಲಿ ಹರಿಗೋಲು ಹತ್ತುವವರು ಗಾಡಿಯ ಬಳಿ ಮನೆಯವರೊಬ್ಬರನ್ನು ದಡದಲ್ಲಿ ಬಿಟ್ಟೇ ಹತ್ತಲಿ. ಒಂದು ದಿನದ ಮಟ್ಟಿಗೆ ಹಂಪಿಯನ್ನಷ್ಟೇ ನೋಡುವವರು ಗಾಡಿಯನ್ನು ವಸತಿಗೃಹದಲ್ಲಿಯೇ ಬಿಟ್ಟು ಕೂಸನ್ನು ಸರದಿಯ ಮೇಲೆ ಎತ್ತಿಕೊಳ್ಳುವುದು ಮೇಲೆಂಬುದು ನಮ್ಮ ಅಭಿಪ್ರಾಯ. ಮಲಗಿಸಲು ಒಂದು ಜೋಲಿಯ ಬಟ್ಟೆ ಸಾಕು.

ಇಷ್ಟಾಗಿಯೂ ಗಾಡಿ ಕಾಣದಿದ್ದರೆ ಮೊದಲು ಅಲ್ಲಿ ಉಳಿದಿರುವ ಗಾಡಿಗಳನ್ನು ಒಂದೊಂದಾಗಿ ನೋಡಿ. ಆಮೇಲೆ ವಾಹನ ನಿಲ್ಲಿಸುವ ಸ್ಥಳಕ್ಕೆ ಒಬ್ಬರನ್ನು ಕಳುಹಿಸಿ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 303ನೆಯ ಕಲಮಿನಂತೆ ಅಪ್ರಾಮಾಣಿಕ ಉದ್ದೇಶದಿಂದ ಒಯ್ದರೆ ಮಾತ್ರ ಅದು ಕಳವು. ತನ್ನದೆಂದು ತಪ್ಪಿ ಒಯ್ದವನು ಕಳ್ಳನಲ್ಲ. ವಸ್ತುವಿನ ಬೆಲೆ 5,000 ರೂಪಾಯಿಗಿಂತ ಕಡಿಮೆಯಿದ್ದು, ಮೊದಲ ಸಲ ಅಪರಾಧಿಯಾದವನು ಅದನ್ನೋ ಅದರ ಬೆಲೆಯನ್ನೋ ಮರಳಿಸಿದರೆ ಅವನಿಗೆ ಸೆರೆಮನೆಯಲ್ಲ, ಸಮುದಾಯ ಸೇವೆಯ ಶಿಕ್ಷೆ. ನಿಜವಾಗಿ ಕಳುವಾಗಿದ್ದರೆ 112ಕ್ಕೆ ಕರೆ ಮಾಡಬಹುದು. ಊರಿಗೆ ಹಿಂದಿರುಗಿದ ಮೇಲೆಯೂ ದೂರು ಕೊಡಬಹುದು. ಕೃತ್ಯ ಎಲ್ಲಿಯೇ ನಡೆದಿರಲಿ, ಯಾವ ಠಾಣೆಯಲ್ಲಾದರೂ ಮಾಹಿತಿ ದಾಖಲಿಸಿಕೊಳ್ಳಬೇಕೆಂದು ನಾಗರಿಕ ಸುರಕ್ಷಾ ಸಂಹಿತೆಯ 173ನೆಯ ಕಲಂ ಹೇಳುತ್ತದೆ. ಅದರ ಪ್ರತಿಯನ್ನು ಉಚಿತವಾಗಿ ಕೊಡಬೇಕು. ಯಾರ ತೋಳನ್ನೂ ನಾವಾಗಿ ಹಿಡಿಯುವ ಅಧಿಕಾರ ಗುಮಾನಿಯೊಂದರಿಂದ ಬರುವುದಿಲ್ಲ.

ಶಿಷ್ಯರ ಕುಟುಂಬ ಮರುದಿನ ಊರಿಗೆ ತೆರಳಿತು. ಹುಡುಗನ ಕೈಗೆಂದು ಅಜ್ಜಿ ನಮ್ಮಲ್ಲಿ ಇನ್ನೂರು ರೂಪಾಯಿ ಕೊಟ್ಟು ಹೋಗಿದ್ದರು. ಅವನು ಶಾಲೆಗೆ ಹೋಗುತ್ತಾನೆ, ರಜೆಯ ದಿನವಷ್ಟೇ ಬರುತ್ತಾನೆಂದು ಅಲ್ಲಿಯ ಅಂಗಡಿಯವರು ತಿಳಿಸಿದ್ದರಿಂದ ಮುಂದಿನ ಭಾನುವಾರ ಮತ್ತೆ ಹೋದೆವು. ಅದೇ ಮರದ ಕೆಳಗೆ ಕುಳಿತಿದ್ದ. ನಮ್ಮನ್ನು ಕಂಡು ಎದ್ದು ನಿಂತು ಬುಟ್ಟಿಯನ್ನು ಹಿಂದಕ್ಕೆ ಸರಿಸಿದ. ತಪ್ಪು ನಮ್ಮದೆಂದು, ಗಾಡಿಗಳು ಅದಲುಬದಲಾಗಿದ್ದವೆಂದು ಹೇಳಿದೆವು. “ಆ ಅಮ್ಮನ ಗಂಟು ಸಿಕ್ತೇನ್ರೀ?” ಎಂದ. ಸಿಕ್ಕಿತೆಂದೆವು. ಇನ್ನೂರರ ನೋಟನ್ನು ಮುಂದೆ ಹಿಡಿದಾಗ ತಲೆಯಲ್ಲಾಡಿಸಿ ಬೇಡವೆಂದ. ಒಂದು ಸೌತೆಕಾಯಿಯನ್ನು ಸೀಳಿ, ಉಪ್ಪುಖಾರ ಸವರಿ ಕೊಟ್ಟು, “ಹತ್ತು ರೂಪಾಯಿ ಕೊಡ್ರೀ” ಎಂದ. ಕೊಟ್ಟೆವು.